ಆಟಕ್ಕುಂಟು, ಲೆಕ್ಕಕ್ಕಿಲ್ಲ

ಕಾಡುಪ್ರಾಣಿಗಳಿಗೆ ಒಂದು ಕೆಟ್ಟ ಚಾಳಿ ಇದೆ. ತಜ್ಞರು ಬರುವ ಮೊದಲೇ ಬದುಕಲು ಶುರು ಮಾಡಿಬಿಟ್ಟಿರುತ್ತವೆ. ಅವುಗಳ ಪಕ್ಕದಲ್ಲೇ ತಲೆತಲಾಂತರದಿಂದ ಇರುವ ಜನರ ಚಾಳಿ ಇನ್ನೂ ಕೆಟ್ಟದ್ದು. ಒಂದು ಡಿಗ್ರಿ ಇಲ್ಲ, ಅನುಮತಿ ಪತ್ರ ಇಲ್ಲ, ಸುಮ್ನೆ ನೋಡಿ ನೋಡಿಯೇ ಆ ಪ್ರಾಣಿಗಳ ನಾಡಿಮಿಡಿತ ತಿಳಿದುಕೊಂಡಿರುತ್ತಾರೆ. ಈ ಅಕ್ರಮ ತಿಳಿವಳಿಕೆಯನ್ನು ಹದ್ದುಬಸ್ತಿನಲ್ಲಿ ಇಡುವುದೇ ವನ್ಯಜೀವಿ ನಿರ್ವಹಣೆಯ ದೊಡ್ಡ ತಲೆನೋವು.

1977ರಲ್ಲಿ ಅಲಾಸ್ಕಾದ ಉತ್ತರ ತುದಿಯಲ್ಲಿ ಇಂಥದ್ದೇ ಒಂದು ತಲೆನೋವು ಎದ್ದಿತ್ತು. ಅಲ್ಲಿನ ಬೋಹೆಡ್ ತಿಮಿಂಗಿಲ ಉಳಿದಿರುವುದು 600ರಿಂದ 2,000ದ ಒಳಗೆ ಅಂತ ತಜ್ಞರು ಲೆಕ್ಕ ಹಾಕಿದರು. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಬೇಟೆ ನಿಲ್ಲಿಸಿ ಎಂದಿತು. ಹೇಳಿದ್ದು ಯಾರಿಗೆ? ಊಟಕ್ಕೆ ಬೇಟೆಯಾಡುವ ಅಲ್ಲಿನ ಮೂಲನಿವಾಸಿ ಇನುಪಿಯಾಟ್ ಜನರಿಗೆ. 1848ರಿಂದ ಅದೇ ಕಡಲಿಗೆ ನುಗ್ಗಿ ಸಾವಿರಗಟ್ಟಲೆ ತಿಮಿಂಗಿಲ ಕೊಂದ ವ್ಯಾಪಾರಿ ಹಡಗುಗಳಿಗೆ ಇಂಥ ತೊಂದರೆ ಇರಲಿಲ್ಲ. ಅವರು ಎಣಿಸಿದ್ದು ಎಣ್ಣೆಯ ಪೀಪಾಯಿಗಳನ್ನು.

ತಿಮಿಂಗಿಲ ಎಣಿಸಿದ ರೀತಿಯನ್ನೂ ಸ್ವಲ್ಪ ನೋಡಬೇಕು. ವಸಂತದಲ್ಲಿ ಸಮುದ್ರದ ಮಂಜುಗಡ್ಡೆ ಬಿರಿದು, ನೀರಿನ ಉದ್ದನೆಯ ಓಣಿ ತೆರೆದುಕೊಳ್ಳುತ್ತದೆ. ತಿಮಿಂಗಿಲಗಳು ಅದರಲ್ಲಿ ಸಾಗುತ್ತವೆ. ಎಣಿಸುವವರು ಗಡ್ಡೆಯ ಅಂಚಿನಲ್ಲಿ ನಿಂತು, ಕಂಡ ಬೆನ್ನಿಗೊಂದು ಗೀಟು ಎಳೆಯುತ್ತಿದ್ದರು. ಓಣಿ ಮುಚ್ಚಿಕೊಂಡರೆ ಎಣಿಕೆಗೆ ರಜೆ. ದಾರಿ ಬಂದ್ ಆಗಿದೆ ಅಂದ ಮೇಲೆ ತಿಮಿಂಗಿಲವೂ ಎಲ್ಲೋ ಕಾಯುತ್ತಾ ನಿಂತಿರಬೇಕು, ಅಲ್ವಾ? ಕಿಟಕಿಯಲ್ಲಿ ತಲೆ ಕಂಡವರನ್ನಷ್ಟೇ ಎಣಿಸಿ ಬಸ್ಸು ಖಾಲಿ ಎಂದ ಹಾಗಾಯಿತು.

ಬೇಟೆಗಾರರು ಹೇಳಿದರು: ಅವು ಮಂಜಿನ ಕೆಳಗೂ ಹೋಗುತ್ತವೆ. ಉಸಿರು ಬೇಕಾದಾಗ ತಲೆಯಿಂದ ಗುದ್ದಿ ಗಡ್ಡೆ ಬಿರಿಯುವಂತೆ ಮಾಡುತ್ತವೆ, ಆ ಬಿರುಕಲ್ಲಿ ಉಸಿರೆಳೆದು ಮುಂದೆ ಸಾಗುತ್ತವೆ. ನಿಮ್ಮ ಕಣ್ಣಿಗೆ ಬೀಳದಷ್ಟು ದೂರದಲ್ಲೂ ಬೇಕಾದಷ್ಟು ಹೋಗುತ್ತಿವೆ. ದೋಣಿಯ ಹುಟ್ಟನ್ನು ನೀರಿಗಿಳಿಸಿ, ಅದರ ಹಿಡಿಗೆ ಕಿವಿಗೊಟ್ಟು, ಕೆಳಗಿನ ಪ್ರಾಣಿಗಳ ಸದ್ದು ಕೇಳಿಸಿಕೊಳ್ಳುತ್ತಿದ್ದ ಜನ ಅವರು. ಆದರೆ ಒಂದು ತೊಡಕಿತ್ತು. ಅವರಿಗೆ ಬೇಟೆ ಬೇಕು, ಆದ್ದರಿಂದ ಅವರ ಮಾತು ಸ್ವಾರ್ಥದ್ದು. ನಿಷೇಧ ಹೇರುವವರ ಮಾತು ಮಾತ್ರ ಹುಟ್ಟಿನಿಂದಲೇ ನಿಸ್ವಾರ್ಥ. ಕೊನೆಗೆ ಜಗ್ಗಾಡಿ, 1978ಕ್ಕೆ ಎಲ್ಲ ಹಳ್ಳಿಗಳಿಗೂ ಸೇರಿ 12 ತಿಮಿಂಗಿಲ ಅಂತ ಪಡಿತರ ನಿಗದಿಯಾಯಿತು.

ಒಬ್ಬ ವಿಜ್ಞಾನಿ ಮಾತ್ರ ಸ್ವಲ್ಪ ಅಡ್ಡದಾರಿ ಹಿಡಿದರು. ಟಾಮ್ ಆಲ್ಬರ್ಟ್ ಅಂತ. ಹ್ಯಾರಿ ಬ್ರೋವರ್ ಸೀನಿಯರ್ ಎಂಬ ಹಿರಿಯ ಬೇಟೆಗಾರ ಹೇಳಿದ್ದನ್ನು ಕೂತು ಕೇಳಿಸಿಕೊಂಡರು. ಇದು ಯಾವ ಸಂಶೋಧನಾ ಪದ್ಧತಿಯಲ್ಲಿ ಬರುತ್ತದೋ ಗೊತ್ತಿಲ್ಲ. 1980ರ ದಶಕದಲ್ಲಿ ನೀರೊಳಗೆ ಮೈಕುಗಳನ್ನು ಇಳಿಸಿದರು. ಗಡ್ಡೆಯ ಕೆಳಗಿಂದ ಸದ್ದೋ ಸದ್ದು! ಲೆಕ್ಕ ಏರುತ್ತಾ ಹೋಯಿತು. 2011ರ ಎಣಿಕೆಯಲ್ಲಿ ಅದು ಸುಮಾರು 17,000. ಈ ನಡುವೆ ತಿಮಿಂಗಿಲಗಳ ಸಂತತಿ ನಿಜವಾಗಿಯೂ ಬೆಳೆದಿದೆ, ಅದನ್ನೂ ಹೇಳಬೇಕು. ಬೇಟೆ ನಡೆಯುತ್ತಿದ್ದಾಗಲೇ ಬೆಳೆದಿದೆ, ಅದನ್ನೂ.

ಬೋಹೆಡ್ ಇಬ್ಬರು ಮನುಷ್ಯರ ಆಯಸ್ಸು ಬದುಕುತ್ತದೆ ಅಂತಲೂ ಅಲ್ಲಿನ ಹಿರಿಯರು ಹೇಳುತ್ತಿದ್ದರು. ಪಾಪ, ವಯಸ್ಸಾದವರು, ಏನೋ ಹೇಳ್ತಾರೆ ಬಿಡಿ. ಆಮೇಲೆ ಕೊಯ್ದ ತಿಮಿಂಗಿಲಗಳ ಮಾಂಸದಲ್ಲಿ ಓಬೀರಾಯನ ಕಾಲದ ಕಲ್ಲಿನ ಈಟಿಮೊನೆಗಳು ಸಿಕ್ಕವು. 1999ರಲ್ಲಿ ಕಣ್ಣಿನ ಮಸೂರ ಪರೀಕ್ಷಿಸಿದಾಗ ಒಂದರ ವಯಸ್ಸು 200 ದಾಟಿತ್ತು. ಹೊಗೆ ಎಬ್ಬಿಸಬೇಡಿ, ತಿಮಿಂಗಿಲಕ್ಕೆ ವಾಸನೆ ಹೊಡೆಯುತ್ತದೆ ಅಂತ ಇನ್ನೊಂದು ಮಾತಿತ್ತು. ತಿಮಿಂಗಿಲಕ್ಕೆಲ್ಲಿಯ ವಾಸನೆ ಅಂತ ಪುಸ್ತಕಗಳು ನಕ್ಕವು. 2010ರ ಹೊತ್ತಿಗೆ ಬೋಹೆಡ್‌ನ ಮಿದುಳಿನಲ್ಲಿ ವಾಸನೆ ಹಿಡಿಯುವ ಭಾಗ ಸಿಕ್ಕಿತು. ಹೊಗೆ ಎಬ್ಬಿಸದೆ ಕೂತಿದ್ದವರಿಗೆ ಹೊಸದಾಗಿ ತಿಳಿದದ್ದೇನೂ ಇಲ್ಲ, ತಮ್ಮ ಮಾತಿಗೆ ಕೊನೆಗೂ ಠಸ್ಸೆ ಬಿತ್ತು ಅನ್ನುವುದೊಂದನ್ನು ಬಿಟ್ಟು.

ಬೆಂಕಿಯ ಕತೆಯೂ ಹೀಗೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗೆಲೆಗೆ ಸಣ್ಣದಾಗಿ ಹಾಕುತ್ತಿದ್ದ ತರಗು ಬೆಂಕಿ ಅಪರಾಧವಾಯಿತು. ಬೆಂಕಿ ನಿಂತ ಮೇಲೆ ಲಂಟಾನ ಹಬ್ಬಿತು, ಹುಲ್ಲು ಹೋಯಿತು ಅಂತ ಅವರು ಹೇಳುತ್ತಲೇ ಬಂದಿದ್ದಾರೆ. ಹುಲ್ಲು ತಿನ್ನುವ ಪ್ರಾಣಿಗಳು ಲಂಟಾನ ತಿನ್ನುವುದನ್ನು ಕಲಿತರೆ ಎಲ್ಲ ಸರಿಹೋಗುತ್ತದೆ, ಆದರೆ ಅವುಗಳಿಗೆ ಸಹಕಾರ ಮನೋಭಾವ ಕಡಿಮೆ. ಅತ್ತ ಆಸ್ಟ್ರೇಲಿಯಾದ ಪಶ್ಚಿಮ ಆರ್ನೆಮ್ ಲ್ಯಾಂಡ್‌ನಲ್ಲಿ ಮೂಲನಿವಾಸಿಗಳು ಬೇಸಿಗೆ ಬಲಿಯುವ ಮೊದಲೇ ಹಾಕುವ ಸಣ್ಣ ಬೆಂಕಿಯಿಂದ ಆಮೇಲಿನ ಕಾಡ್ಗಿಚ್ಚು ತಗ್ಗುತ್ತದೆ. 2006ರಿಂದ ಅದಕ್ಕೆ ಅನಿಲ ಕಂಪನಿಯೊಂದರ ದುಡ್ಡೂ ಬಂತು. ಕಾಡ್ಗಿಚ್ಚಿನ ಹೊಗೆ ಕಡಿಮೆಯಾದಷ್ಟನ್ನು ಕಂಪನಿ ತಾನು ಉಗುಳುವ ಹೊಗೆಗೆ ವಜಾ ಹಾಕಿಕೊಂಡಿತು. ಅದೇ ಕಡ್ಡಿ, ಅದೇ ಬೆಂಕಿ. ರಸೀದಿ ಇದ್ದರೆ ಪರಿಸರ ಸೇವೆ, ಇಲ್ಲದಿದ್ದರೆ ಕೇಸು.

ಹಾಗಂತ ಗೌರವಕ್ಕೇನೂ ಕೊರತೆ ಇಲ್ಲ. 1992ರ ಜೀವವೈವಿಧ್ಯ ಒಪ್ಪಂದದ 8ನೇ ವಿಧಿಯಲ್ಲಿ ಸ್ಥಳೀಯರ ಜ್ಞಾನವನ್ನು ಗೌರವಿಸಿ, ಉಳಿಸಿ ಅಂತ ಬರೆದೇ ಇದೆ. ಅಂದಿನಿಂದ ಗೌರವಿಸುತ್ತಲೇ ಇದ್ದಾರೆ. ಸಮಾವೇಶದಲ್ಲಿ ಹಿರಿಯರಿಗೆ ಮುಂದಿನ ಸಾಲು. ದೀಪ ಹಚ್ಚುವಾಗ ಅವರು ಬೇಕು, ಫೋಟೋಗೆ ಬೇಕು. ಮಾತಿಗೆ ಊಟದ ಮುಂಚಿನ ಹತ್ತು ನಿಮಿಷ, ಅದರಲ್ಲಿ ಏಳು ನಿಮಿಷ ಅವರ ಪರಿಚಯ ಭಾಷಣಕ್ಕೆ. ಪ್ರಾಣಿಗಳ ಸಂಖ್ಯೆ ತೀರ್ಮಾನವಾಗುವ ಸಭೆ ಊಟದ ನಂತರ, ಬೇರೆ ಕೋಣೆಯಲ್ಲಿ.

ಈಗ ಇನ್ನೂ ಸುಧಾರಿಸಿದೆಯಂತೆ. ಹಿರಿಯರ ಜ್ಞಾನವನ್ನು ದಾಖಲಿಸಲು ಅರ್ಜಿ ನಮೂನೆ ಬಂದಿದೆ ಅಂದುಕೊಳ್ಳಿ. ಜಿಂಕೆ ಎಲ್ಲಿ ಮರಿ ಹಾಕುತ್ತದೆ ಅನ್ನುವ ಪ್ರಶ್ನೆಗೆ ಅಜ್ಜ ಅರ್ಧ ದಿನ ಉತ್ತರ ಹೇಳುತ್ತಾನೆ. ಗಾಳಿ ಯಾವ ಕಡೆಯಿಂದ ಬೀಸಬೇಕು, ಯಾವ ಮಳೆ ಆದ ಮೇಲೆ, ಯಾವ ಹುಲ್ಲು ಎಷ್ಟು ಎತ್ತರ ಇದ್ದಾಗ, ಎಲ್ಲವೂ. ದಾಖಲಿಸುವ ಹುಡುಗ ಯೋಚಿಸಿ 'ಹೌದು' ಎಂಬಲ್ಲಿ ಟಿಕ್ ಹಾಕುತ್ತಾನೆ. ಮಾಹಿತಿಯ ಮೂಲ ಅಂತ ಕೊನೆಯ ಕಾಲಂ. 'ನಮ್ಮಪ್ಪ' ಎನ್ನುತ್ತಾನೆ ಅಜ್ಜ. ವಾರ ಬಿಟ್ಟು ಅರ್ಜಿ ವಾಪಸ್ ಬರುತ್ತದೆ. ಪ್ರಕಟವಾದ ವರ್ಷ ಮತ್ತು ಪುಟ ಸಂಖ್ಯೆ ನಮೂದಿಸಿಲ್ಲ.