ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್ ಬಿಟ್ಟು ಓಡಬೇಡಿ, ಜನವರಿಯಲ್ಲಿ ಓಡಿ

ಸ್ಟಾಕ್‌ಹೋಮ್‌ನಲ್ಲಿ ಕೆಲಸಕ್ಕಿರುವ ನಮ್ಮವರಲ್ಲಿ ಬಹಳ ಜನ ಡಿಸೆಂಬರ್ ಮೂರನೇ ವಾರ ಬಂತೆಂದರೆ ಬೆಂಗಳೂರಿಗೆ ಸೂಟ್‌ಕೇಸ್ ಕಟ್ಟುತ್ತಾರೆ. ಕತ್ತಲು, ಚಳಿ, ಆಫೀಸೂ ಖಾಲಿ, ಇಲ್ಲಿ ಕೂತು ಮಾಡೋದೇನು ಅಂತ. ನನ್ನ ಪ್ರಕಾರ ಈ ಲೆಕ್ಕವೇ ತಲೆಕೆಳಗು. ಈ ಊರು ವರ್ಷದಲ್ಲಿ ಎರಡು ಸಲ ಮನಸ್ಸು ಬಿಚ್ಚುತ್ತದೆ, ಒಂದು ಜೂನ್‌ನಲ್ಲಿ, ಇನ್ನೊಂದು ಡಿಸೆಂಬರ್‌ನಲ್ಲಿ. ನಿಜಕ್ಕೂ ಓಡಿಹೋಗಬೇಕಾದದ್ದು ಜನವರಿ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ. ಆಗ ದೀಪ ಇರುವುದಿಲ್ಲ, ಹಬ್ಬ ಇರುವುದಿಲ್ಲ, ಚಳಿ ಮಾತ್ರ ಡಿಸೆಂಬರ್‌ಗಿಂತ ಜಾಸ್ತಿ.

ಮೊದಲು ರಜೆಯ ಲೆಕ್ಕ, ಯಾಕೆಂದರೆ ಎಲ್ಲರೂ ಡಿಸೆಂಬರ್ ಹಿಡಿಯುವುದು ಅದಕ್ಕೇ. 24 ಮತ್ತು 31 ಸರ್ಕಾರಿ ರಜೆ ಅಲ್ಲದಿದ್ದರೂ ಹೆಚ್ಚಿನ ಕಂಪನಿಗಳು ಬಿಡುವು ಕೊಡುತ್ತವೆ. 25, 26, ಜನವರಿ 1 ಮತ್ತು 6 ಸರ್ಕಾರಿ ರಜೆ. 2026ರ ಕ್ಯಾಲೆಂಡರ್ ನೋಡಿ: ಡಿಸೆಂಬರ್ 28, 29, 30, ಆಮೇಲೆ ಜನವರಿ 4 ಮತ್ತು 5, ಈ ಐದು ದಿನ ರಜೆ ಹಾಕಿದರೆ 24ರಿಂದ 6ರವರೆಗೆ ಸಾಲಾಗಿ 14 ದಿನ ಸಿಗುತ್ತದೆ. ಊರಿಗೆ ಮೂರು ವಾರ ಹೋಗುವವರಿಗೆ ಇದರಿಂದ ನಾಲ್ಕೈದು ದಿನದ ರಜೆ ಉಳಿಯುವುದು ನಿಜ. ಆದರೆ ಸ್ಟಾಕ್‌ಹೋಮ್‌ನಿಂದ ಬೆಂಗಳೂರಿಗೆ ನೇರ ವಿಮಾನ ಇಲ್ಲ. ದೋಹಾ, ದುಬೈ, ಫ್ರಾಂಕ್‌ಫರ್ಟ್ ಎಲ್ಲ ಕಡೆಯೂ ಆ ಎರಡು ವಾರ ಸೀಟು ತುಂಬಿ, ಟಿಕೆಟ್ ದರ ಗಗನಕ್ಕೇರಿರುತ್ತದೆ. ಕಾನೂನು ವರ್ಷಕ್ಕೆ 25 ದಿನ ರಜೆ ಕೊಡುತ್ತದೆ, 20ಕ್ಕಿಂತ ಮೇಲಿನದನ್ನು ಐದು ವರ್ಷದ ತನಕ ಉಳಿಸಿಟ್ಟುಕೊಳ್ಳಬಹುದು. ಉಳಿಸಿಟ್ಟ ಆ ದಿನಗಳನ್ನು ಜನವರಿಗೆ ಹಾಕಿ.

ಹೊಸದಾಗಿ ಸೇರಿದವರು ಎರಡು ವಿಷಯ ನೋಡಿಕೊಳ್ಳಬೇಕು. ಮೊದಲ ವರ್ಷ ಕಂಪನಿ ಕೊಡುವ ಸಂಬಳಸಹಿತ ರಜೆ ಅನೇಕ ಸಲ ಮುಂಗಡ. ಐದು ವರ್ಷದೊಳಗೆ ನೀವಾಗಿಯೇ ಕೆಲಸ ಬಿಟ್ಟರೆ ಕೊನೆಯ ಸಂಬಳದಲ್ಲಿ ಅದನ್ನು ಹಿಡಿದುಕೊಳ್ಳಬಹುದು. ಎರಡನೆಯದು ಇನ್ನೂ ಮುಖ್ಯ. ಕೆಲಸದ ಪರ್ಮಿಟ್ ನವೀಕರಣದ ಅರ್ಜಿ ಬಾಕಿ ಇರುವಾಗ ಸ್ವೀಡನ್ ಒಳಗೆ ಇರಲು ತೊಂದರೆ ಇಲ್ಲ, ಆದರೆ ಹಳೆಯ ಪರ್ಮಿಟ್ ಕಾರ್ಡಿನ ಅವಧಿ ಮುಗಿದ ಮೇಲೆ ಭಾರತಕ್ಕೆ ಹೋದರೆ ಹಿಂದಿರುಗುವಾಗ ವಿಮಾನ ಹತ್ತಿಸಿಕೊಳ್ಳುವುದಿಲ್ಲ. ವಾಪಸ್ ಬರಲು ದೆಹಲಿಯ ರಾಯಭಾರ ಕಚೇರಿಯ ಮೂಲಕ ಬೇರೆ ವೀಸಾ ಬೇಕಾಗುತ್ತದೆ, ಹಬ್ಬದ ವಾರದಲ್ಲಿ ಆ ಕೆಲಸ ಸಾಗುವುದು ಅಷ್ಟರಲ್ಲೇ ಇದೆ. ಟಿಕೆಟ್‌ಗಿಂತ ಮೊದಲು ಕಾರ್ಡಿನ ಮೇಲಿನ ದಿನಾಂಕ ನೋಡಿ.

ಶಾಲೆಗೆ ಹೋಗುವ ಮಕ್ಕಳಿದ್ದರೆ ನನ್ನ ವಾದ ನಡೆಯುವುದಿಲ್ಲ, ಒಪ್ಪುತ್ತೇನೆ. ಆರು ವರ್ಷಕ್ಕೇ ಇಲ್ಲಿ ಶಾಲೆ ಕಡ್ಡಾಯ, ಜನವರಿಯಲ್ಲಿ ಮೂರು ವಾರ ಬಿಡಿ ಅಂದರೆ ಮುಖ್ಯೋಪಾಧ್ಯಾಯರು ಒಪ್ಪುವುದು ಕಷ್ಟ. ಅವರು ಡಿಸೆಂಬರ್‌ನಲ್ಲೇ ಹೋಗಿಬರಲಿ. ಉಳಿದವರು ಮುಂದೆ ಓದಿ.

ಕತ್ತಲಿನ ವಿಷಯ. ಡಿಸೆಂಬರ್ 21ರ ಹೊತ್ತಿಗೆ ಸೂರ್ಯ ಹುಟ್ಟುವುದು ಬೆಳಿಗ್ಗೆ 8:44ರ ಸುಮಾರಿಗೆ, ಮುಳುಗುವುದು ಮಧ್ಯಾಹ್ನ 2:48ಕ್ಕೆ. ಒಟ್ಟು ಆರು ಗಂಟೆ, ಅದರಲ್ಲೂ ಮೋಡ ಇದ್ದರೆ ದಿನವಿಡೀ ಮುಸ್ಸಂಜೆ. ಇದಕ್ಕೆ ಉಪಾಯ ಒಂದೇ: ಮಧ್ಯಾಹ್ನದ ಊಟವನ್ನು ಅರ್ಧ ಗಂಟೆಗೆ ಮುಗಿಸಿ, 12ರಿಂದ 1ರೊಳಗೆ ಹೊರಗೆ ನಡೆದಾಡಿ ಬನ್ನಿ. ಕಿಟಕಿ ಪಕ್ಕ ಕೂತರೆ ಸಾಲದು. ರಜೆಯಲ್ಲಿ ಹನ್ನೊಂದರವರೆಗೆ ಮಲಗುವವರೇ ಇಲ್ಲಿ ಮಂಕಾಗುವುದು, ಎದ್ದು ಕಾಫಿ ಕುಡಿಯುವಷ್ಟರಲ್ಲಿ ಅರ್ಧ ಹಗಲು ಹೋಗಿರುತ್ತದೆ. ಕೋಟಿಗೆ ರಿಫ್ಲೆಕ್ಸ್ ಪಟ್ಟಿ ನೇತುಹಾಕಿ, ಗಾಡಿಯವರಿಗೆ ಕಪ್ಪು ಜಾಕೆಟ್ ಕಾಣುವುದಿಲ್ಲ. ಒಳಗೆ ಹತ್ತಿ ಬನಿಯನ್ ಬೇಡ, ಬೆವರು ಹೀರಿ ಒದ್ದೆಯಾಗಿಯೇ ಉಳಿದು ಮೈ ತಣ್ಣಗಾಗಿಸುತ್ತದೆ. ಮೆರಿನೋ ಉಣ್ಣೆಯದು ಒಂದು ಜೊತೆ ಸಾಕು. ಬೂಟು ಅರ್ಧ ಸೈಜ್ ದೊಡ್ಡದಿರಲಿ. ದಪ್ಪ ಕಾಲ್ಚೀಲ ಹಾಕಿ ಬಿಗಿ ಬೂಟಿಗೆ ತುರುಕಿದರೆ ರಕ್ತ ಓಡದೆ ಬೆರಳು ಮೊದಲು ಮರಗಟ್ಟುತ್ತದೆ.

ಈಗ ಊಟ. ನವೆಂಬರ್ ಕೊನೆಯಿಂದ ಕ್ರಿಸ್‌ಮಸ್‌ವರೆಗೆ ರೆಸ್ಟೋರೆಂಟುಗಳಲ್ಲಿ ಯೂಲ್‌ಬೋರ್ಡ್ ಅನ್ನುವ ಹಬ್ಬದ ಬಫೆ ಇರುತ್ತದೆ, ಹೆಚ್ಚಿನ ಆಫೀಸುಗಳು ಒಂದು ಸಲ ಕರೆದುಕೊಂಡು ಹೋಗುತ್ತವೆ. ಮದುವೆಮನೆ ಬಫೆಯ ಹಾಗೆ ಒಂದೇ ತಟ್ಟೆಗೆ ಎಲ್ಲ ಪೇರಿಸಬೇಡಿ. ಮೊದಲ ಸುತ್ತು ಉಪ್ಪಿನಕಾಯಿಯಂತೆ ಹುಳಿ-ಸಿಹಿಯಲ್ಲಿ ನೆನೆದ ಸಿಲ್ ಮೀನು, ಎರಡನೆಯದು ಸಾಲ್ಮನ್, ಮೂರನೆಯದು ತಣ್ಣನೆಯ ಮಾಂಸ, ಆಮೇಲೆ ಬಿಸಿ ಪದಾರ್ಥ, ಕೊನೆಗೆ ಸಿಹಿ. ಪ್ರತಿ ಸುತ್ತಿಗೂ ಹೊಸ ತಟ್ಟೆ.

ಸಸ್ಯಾಹಾರಿಗಳು ಮೋಸ ಹೋಗುವುದು ಬಿಸಿ ಪದಾರ್ಥದ ಮೇಜಿನಲ್ಲಿ. ಯಾನ್ಸನ್ ಅನ್ನುವ ಒಂದು ಟ್ರೇ ಇರುತ್ತದೆ, ಉದ್ದುದ್ದ ಹೆಚ್ಚಿದ ಆಲೂಗಡ್ಡೆ, ಈರುಳ್ಳಿ, ಕ್ರೀಮ್, ಮೇಲೆ ಹೊಂಬಣ್ಣದ ಬ್ರೆಡ್ ಪುಡಿ. ನೋಡಿದರೆ ಬರೀ ಆಲೂಗಡ್ಡೆ. ಒಳಗೆ ಉಪ್ಪು-ಸಕ್ಕರೆಯಲ್ಲಿ ಹಾಕಿಟ್ಟ ಸಣ್ಣ ಸ್ಪ್ರಾಟ್ ಮೀನಿದೆ, ಆ ಡಬ್ಬಿಯ ನೀರನ್ನೂ ಸುರಿದಿರುತ್ತಾರೆ. ಕಂದು ಬಣ್ಣದ ಎಲೆಕೋಸಿಗೆ ಹಂದಿ ಬೇಯಿಸಿದ ನೀರು ಬಿದ್ದಿರಬಹುದು. ಮೇಜಿನ ಮೇಲಿನ ಸಾಂಟಾ ಆಕಾರದ ಮಿಠಾಯಿಯಲ್ಲಿ ಜೆಲಟಿನ್ ಇರುತ್ತದೆ. ಅನ್ನದ ಗಂಜಿಗೆ ಕ್ರೀಮ್ ಬೆರೆಸಿದ ಸಿಹಿ ಮಾತ್ರ ಧೈರ್ಯವಾಗಿ ತಿನ್ನಬಹುದು. ಬುಕ್ ಮಾಡುವಾಗಲೇ ಸಸ್ಯಾಹಾರಿ ಅಂತ ಬರೆಸಿದರೆ ಅಡುಗೆಮನೆಯಿಂದ ಬೇರೆ ತಟ್ಟೆ ಬರುತ್ತದೆ. ಅಲ್ಲಿಗೆ ಹೋಗಿ ಹೇಳಿದರೆ ಬೀಟ್‌ರೂಟ್ ಸಲಾಡ್ ಮತ್ತು ಬ್ರೆಡ್ಡೇ ಗತಿ.

ಡಿಸೆಂಬರ್ 13ರ ಲೂಸಿಯಾ ಬಿಡಬೇಡಿ. ತಲೆಯ ಮೇಲೆ ದೀಪ ಹೊತ್ತ ಹುಡುಗಿಯ ಹಿಂದೆ ಬಿಳಿ ಅಂಗಿಯ ಸಾಲು ಹಾಡುತ್ತಾ ಬರುತ್ತದೆ, ಚರ್ಚುಗಳಲ್ಲಿ, ಆಫೀಸಿನ ಕ್ಯಾಂಟೀನಿನಲ್ಲೂ. ಅದಕ್ಕೆ ತಿನ್ನುವ ಕೇಸರಿ ಬನ್ ಮನೆಯಲ್ಲೇ ಮಾಡಬಹುದು: 5 ಡೆಸಿಲೀಟರ್ (ಅಂದರೆ ಅರ್ಧ ಲೀಟರ್) ಹಾಲು, 50 ಗ್ರಾಂ ಹಸಿ ಯೀಸ್ಟ್, 1 ಗ್ರಾಂ ಕೇಸರಿ ಅಂದರೆ ಅಂಗಡಿಯ ಅರ್ಧ ಗ್ರಾಮಿನ ಎರಡು ಪೊಟ್ಟಣ, ಸುಮಾರು 17 ಡೆಸಿಲೀಟರ್ ಮೈದಾ, 150 ಗ್ರಾಂ ಬೆಣ್ಣೆ, 2 ಡೆಸಿಲೀಟರ್ ಸಕ್ಕರೆ. ಮರುದಿನಕ್ಕೆ ಬನ್ ಒಣಗಿ ಹೊಟ್ಟಾಗುವುದು ಹಿಟ್ಟು ಜಾಸ್ತಿಯಾದರೆ. ಕೈಗೆ ಅಂಟುತ್ತದೆ ಅಂತ ಮೇಲೆ ಮೇಲೆ ಮೈದಾ ಸುರಿಯಬೇಡಿ, ಇನ್ನೂ ಐದು ನಿಮಿಷ ನಾದಿ.

ಇನ್ನು ಕುಡಿತ. ಕುಡಿಯದವರು ಮುಂದಿನ ಭಾಗಕ್ಕೆ ಹಾರಬಹುದು, ಆದರೆ ಮನೆಗೆ ನೆಂಟರು ಬರುವವರಿದ್ದರೆ ಓದಿಕೊಳ್ಳಿ. ಶೇಕಡಾ 3.5ಕ್ಕಿಂತ ಹೆಚ್ಚು ಮದ್ಯಾಂಶದ ಬಾಟಲಿ ಮಾರುವುದು ಸರ್ಕಾರಿ ಅಂಗಡಿ ಸಿಸ್ಟೆಮ್‌ಬೊಲಾಗೆಟ್. 20 ತುಂಬಿರಬೇಕು. ಬಾರಿನಲ್ಲಿ ಕುಡಿಯಲು 18 ಸಾಕು, ಅಂಗಡಿಯಲ್ಲಿ ಕೊಳ್ಳಲು ಮಾತ್ರ 20. ವಾರದ ದಿನ ಸಂಜೆ ಏಳರ ಸುಮಾರಿಗೆ ಮುಚ್ಚುತ್ತದೆ, ಶನಿವಾರ ಮಧ್ಯಾಹ್ನ ಮೂರಕ್ಕೇ, ಭಾನುವಾರ ತೆರೆಯುವುದೇ ಇಲ್ಲ. 2026ರಲ್ಲಿ 24 ಗುರುವಾರ, ಹಾಗಾಗಿ 24ರಿಂದ 27ರ ಭಾನುವಾರದ ತನಕ ನಾಲ್ಕು ದಿನ ಬಾಗಿಲು ಬಂದ್. 31 ಮತ್ತು 1 ಮತ್ತೆ ಬಂದ್. ಅಂದರೆ ಕ್ರಿಸ್‌ಮಸ್‌ದು 22ರೊಳಗೆ, ಹೊಸ ವರ್ಷದ್ದು 29ರೊಳಗೆ ತಂದಿಟ್ಟುಕೊಳ್ಳಿ. 23ರ ಮತ್ತು 30ರ ಸಂಜೆ ಸಾಲು ರಸ್ತೆಗೆ ಬಂದಿರುತ್ತದೆ. ಗ್ಲೆಗ್ ಅನ್ನುವ ಮಸಾಲೆ ವೈನ್ ಬಿಸಿ ಮಾಡುವಾಗ ಕುದಿಸಬೇಡಿ, ಮದ್ಯಾಂಶ ಹಾರಿಹೋಗಿ ಬರೀ ಲವಂಗದ ಕಷಾಯ ಉಳಿಯುತ್ತದೆ. ಒಣದ್ರಾಕ್ಷಿ, ಬಾದಾಮಿ ಬಟ್ಟಲಿಗೆ ಮೊದಲು ಹಾಕಿ ಆಮೇಲೆ ಸುರಿಯಿರಿ. ಭಾರತದಿಂದ ಬರುವವರು ತಲಾ 1 ಲೀಟರ್ ವಿಸ್ಕಿಯಂಥದ್ದು, 4 ಲೀಟರ್ ವೈನ್, 16 ಲೀಟರ್ ಬಿಯರ್ ಸುಂಕವಿಲ್ಲದೆ ತರಬಹುದು, ಅವರಿಗೂ 20 ತುಂಬಿರಬೇಕು.

ನಗರದ ರಾತ್ರಿಜೀವನ ಅರ್ಥವಾಗಬೇಕಾದರೆ ಬಾರಿನ ದರ ತಿಳಿಯಬೇಕು. ಸೋಡರ್‌ಮಾಲ್ಮ್ ಕಡೆ ಒಂದು ದೊಡ್ಡ ಬಿಯರ್ 70-80 ಕ್ರೋನ, ದುಬಾರಿ ಕ್ಲಬ್ಬುಗಳಿರುವ ಸ್ಟೂರೆಪ್ಲಾನ್ ಚೌಕದ ಸುತ್ತ ನೂರರ ಹತ್ತಿರ, ಕಾಕ್‌ಟೇಲ್ 150ರ ಮೇಲೆ. ಅದಕ್ಕೇ ಇಲ್ಲಿನವರು ಸಂಜೆ ಏಳೆಂಟಕ್ಕೆ ಯಾರದಾದರೂ ಮನೆಯಲ್ಲಿ ಸೇರಿ ಕುಡಿದು, ಹತ್ತೂವರೆಗೆ ಹೊರಡುತ್ತಾರೆ. ಬ್ರಿಗೇಡ್ ರೋಡಿನ ಅಭ್ಯಾಸದಲ್ಲಿ ಎಂಟಕ್ಕೇ ಕ್ಲಬ್ಬಿಗೆ ಹೋದರೆ ಖಾಲಿ ಹಾಲ್ ಸಿಗುತ್ತದೆ. ಹನ್ನೆರಡಕ್ಕೆ ಹೋದರೆ ಮೈನಸ್ 8ರಲ್ಲಿ ಒಂದು ಗಂಟೆ ಸಾಲು. ಹತ್ತೂವರೆಯಿಂದ ಹನ್ನೊಂದರ ನಡುವೆ ಬಾಗಿಲಲ್ಲಿದ್ದರೆ ಸರಿ. ಹೆಚ್ಚಿನವು ಮೂರಕ್ಕೆ ಮುಚ್ಚುತ್ತವೆ, ಕೆಲವು ಐದರವರೆಗೆ.

ಬಾಗಿಲಲ್ಲಿ ತಡೆಯುವುದಕ್ಕೆ ಕಾರಣ ಹೆಚ್ಚಾಗಿ ಮೂರು. ಕಾನೂನು 18 ಅಂದರೂ ಕ್ಲಬ್ಬುಗಳು 20, 23 ಅಂತ ತಮ್ಮದೇ ಮಿತಿ ಇಟ್ಟಿರುತ್ತವೆ, ಗುರುತಿಗೆ ನಮ್ಮ ಡ್ರೈವಿಂಗ್ ಲೈಸೆನ್ಸ್ ಆಗುವುದಿಲ್ಲ. ಪಾಸ್‌ಪೋರ್ಟ್ ಅಥವಾ ಸ್ವೀಡನ್ನಿನ ಐಡಿ ಕಾರ್ಡ್ ಬೇಕು. ಎರಡು, ಕುಡಿದು ತೂರಾಡುವವರಿಗೆ ಮದ್ಯ ಕೊಡುವುದು ಅಪರಾಧ, ಕೊಟ್ಟರೆ ಲೈಸೆನ್ಸಿಗೇ ಕುತ್ತು. ಆದ್ದರಿಂದ ಕಾವಲಿನವರು ನಡಿಗೆ, ಕಣ್ಣು ನೋಡಿಯೇ ಬೇಡ ಅನ್ನುತ್ತಾರೆ. ಅಲ್ಲಿ ವಾದಕ್ಕೆ ನಿಲ್ಲಬೇಡಿ, ಓರ್ಡ್ನಿಂಗ್ಸ್‌ವಾಕ್ತ್ ಅಂತ ಬ್ಯಾಡ್ಜ್ ಇರುವವರು ಪೊಲೀಸರಿಂದ ಅಧಿಕಾರ ಪಡೆದವರು, ಕೈಹಿಡಿದು ಆಚೆ ಕಳಿಸುವ ಹಕ್ಕು ಅವರಿಗಿದೆ. ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಆರೇಳು ಜನ ಗಂಡಸರೇ ಗುಂಪಾಗಿ ಹೋದರೆ ಒಳಗೆ ಬಿಡುವುದು ಅಪರೂಪ. ಇಬ್ಬಿಬ್ಬರಾಗಿ ಹೋಗಿ, ಮುಂಗಡ ಟಿಕೆಟ್ ಇರುವ ಕಾರ್ಯಕ್ರಮ ಆರಿಸಿ. ಬಣ್ಣ ನೋಡಿಯೇ ತಡೆದರು ಅನ್ನಿಸಿದರೆ ಸಮಯ, ಜಾಗ ಬರೆದಿಟ್ಟುಕೊಂಡು ತಾರತಮ್ಯದ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ನನ್ನ ಕೇಳಿದರೆ, ಸ್ಟೂರೆಪ್ಲಾನ್ ಒಂದು ಸಲ ನೋಡಿದರೆ ಸಾಕು. ಕುಂಗ್ಸ್‌ಗಾತಾನ್‌ನ ಫಾಶಿಂಗ್‌ನಲ್ಲಿ ಜಾಝ್ ಕೇಳುವುದು, ಚಳಿಗಾಲದಲ್ಲಿ ಸ್ಕಾನ್ಸ್‌ಟುಲ್ ಸೇತುವೆ ಕೆಳಗಿನ ಉಂಡೆರ್ ಬ್ರೂನ್‌ನಲ್ಲಿ ಕುಣಿಯುವುದು, ಎರಡೂ ಅದಕ್ಕಿಂತ ಎಷ್ಟೋ ವಾಸಿ.

ಕೋಟು ಒಳಗೆ ಒಯ್ಯಲು ಬಿಡುವುದಿಲ್ಲ, ಗಾರ್ಡರೋಬ್‌ನಲ್ಲಿ ಇಡಲು 40-50 ಕ್ರೋನ ಕೊಡಲೇಬೇಕು. ಇದನ್ನು ಉಳಿಸಲು ಕೋಟಿಲ್ಲದೆ ಬರುವವರು ಇದ್ದಾರೆ. ಮದ್ಯ ಚರ್ಮದ ರಕ್ತನಾಳ ಹಿಗ್ಗಿಸುತ್ತದೆ, ಮೈ ಬೆಚ್ಚಗಿದೆ ಅನ್ನಿಸುತ್ತಲೇ ಒಳಗಿನ ಶಾಖ ಸೋರಿಹೋಗುತ್ತದೆ. ಮೂರು ಗಂಟೆಗೆ ಬಸ್ ಸ್ಟಾಪಿನ ಬೆಂಚಿನಲ್ಲಿ ಕಣ್ಣು ಮುಚ್ಚಿದರೆ ಪ್ರಾಣಕ್ಕೇ ಅಪಾಯ. ಜೊತೆಗೆ ಬಂದವರನ್ನು ಬಿಟ್ಟು ಹೋಗಬೇಡಿ.

ಮನೆಗೆ ಮರಳಲು ಮೆಟ್ರೊ ಶುಕ್ರವಾರ ಮತ್ತು ಶನಿವಾರ ರಾತ್ರಿಯಿಡೀ ಓಡುತ್ತದೆ, ಉಳಿದ ದಿನ ಒಂದು ಗಂಟೆಯ ಸುಮಾರಿಗೆ ನಿಂತು ರಾತ್ರಿ ಬಸ್ ಶುರು. ಒಂದು ಟಿಕೆಟ್ 75 ನಿಮಿಷ ನಡೆಯುತ್ತದೆ, ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಬಹುದು. ಫೋನನ್ನು ಒಳಜೇಬಿನಲ್ಲಿಡಿ. ಚಳಿಗೆ ಲಿಥಿಯಂ ಬ್ಯಾಟರಿಯ ಒಳಗಿನ ಪ್ರತಿರೋಧ ಏರಿ, 30 ಪರ್ಸೆಂಟ್ ತೋರಿಸುತ್ತಿದ್ದದ್ದು ಪಟ್ಟನೆ ಆರಿಹೋಗುತ್ತದೆ. ಟಿಕೆಟ್, ಹಣ ಕಳಿಸುವ ಸ್ವಿಶ್, ಆನ್‌ಲೈನ್ ಗುರುತಿನ ಬ್ಯಾಂಕ್‌ಐಡಿ ಎಲ್ಲ ಅದರೊಳಗೇ ಇರುವ ಊರಿದು, ಹಾಗಾಗಿ ಜೇಬಿನಲ್ಲಿ ಪ್ಲಾಸ್ಟಿಕ್ ಕಾರ್ಡೂ ಇರಲಿ. ಟ್ಯಾಕ್ಸಿ ದರಕ್ಕೆ ಇಲ್ಲಿ ಸರ್ಕಾರದ ಮಿತಿ ಇಲ್ಲ. ಹತ್ತುವ ಮೊದಲು ಕಾರಿನ ಗಾಜಿನ ಮೇಲಿನ ಹಳದಿ ದರಪಟ್ಟಿ ನೋಡಿ, ಅದರಲ್ಲಿ 10 ಕಿಲೋಮೀಟರ್, 15 ನಿಮಿಷದ ಪ್ರಯಾಣಕ್ಕೆ ಎಷ್ಟು ಅಂತ ಬರೆದಿರುತ್ತದೆ. ಕ್ಲಬ್ಬಿನ ಮುಂದೆಯೇ ನಿಂತಿರುವ ಹೆಸರಿಲ್ಲದ ಟ್ಯಾಕ್ಸಿಗಳಲ್ಲಿ ಆ ಅಂಕಿ ಎರಡು ಪಟ್ಟು, ಮೂರು ಪಟ್ಟು ಇರಬಹುದು, ಹತ್ತಿದ ಮೇಲೆ ದೂರಿ ಪ್ರಯೋಜನ ಇಲ್ಲ. ಸ್ವಂತ ಕಾರಿನ ಮಾತೇ ಬೇಡ. ರಕ್ತದಲ್ಲಿ ಮದ್ಯಾಂಶಕ್ಕೆ 0.2 ಪ್ರೊಮಿಲ್ ಅಂದರೆ ಶೇಕಡಾ 0.02ರ ಮಿತಿ, ನಮ್ಮಲ್ಲಿಯ ಶೇಕಡಾ 0.03ಕ್ಕಿಂತಲೂ ಕಡಿಮೆ.

ಮನೆಯಲ್ಲೇ ಪಾರ್ಟಿ ಅಂದುಕೊಂಡ ಕಿಸ್ತಾ, ಸೋಲ್ನಾ ಕಡೆಯ ನಮ್ಮವರಿಗೆ ಒಂದು ಮಾತು. ರಾತ್ರಿ ಹತ್ತರ ನಂತರ ಸದ್ದು ಗೋಡೆ ದಾಟಬಾರದು. ಎರಡು ದಿನ ಮೊದಲೇ ಕೆಳಗಿನ ಬಾಗಿಲಿಗೆ ದಿನಾಂಕ, ಫ್ಲಾಟ್ ನಂಬರ್, ಫೋನ್ ನಂಬರ್ ಬರೆದು ಚೀಟಿ ಅಂಟಿಸಿ. ಅಷ್ಟು ಮಾಡಿದವರ ಮನೆಗೆ ಪಕ್ಕದವರು ಮೊದಲು ಫೋನ್ ಮಾಡುತ್ತಾರೆ. ಮಾಡದವರ ಮನೆಗೆ ನೇರ ಗಲಾಟೆ ತಡೆಯುವ ತಂಡ ಬರುತ್ತದೆ, ಬಂದ ಖರ್ಚು ನಿಮ್ಮ ಬಿಲ್ಲಿಗೆ ಬೀಳಬಹುದು. ಇನ್ನೊಬ್ಬ ಬಾಡಿಗೆದಾರರಿಂದ ಬಾಡಿಗೆಗೆ ಪಡೆದು ಇರುವವರಿಗೆ ಇದು ಮನೆ ಕಳೆದುಕೊಳ್ಳುವ ದಾರಿ.

31ರ ರಾತ್ರಿ ಪಟಾಕಿ ನೋಡಲು ಮೊಂಟೆಲಿಯುಸ್‌ವೇಗೆನ್ ಮತ್ತು ಸ್ಕಿನ್ನಾರ್‌ವಿಕ್ಸ್‌ಬೆರ್ಯೆಟ್ ಒಳ್ಳೆಯ ಎತ್ತರದ ಜಾಗಗಳು. ಆದರೆ ಮಂಜುಗಡ್ಡೆ ಕಟ್ಟಿದ ಬಂಡೆ, ಬೂಟಿಗೆ ಸಿಕ್ಕಿಸುವ ಮೊಳೆಪಟ್ಟಿ ಇಲ್ಲದೆ ಹತ್ತಬೇಡಿ. ಕಡ್ಡಿ ಇರುವ ರಾಕೆಟ್ ಹಾರಿಸಲು 2019ರಿಂದ ಅನುಮತಿ ಬೇಕು, ದೀಪಾವಳಿಯ ನೆನಪಲ್ಲಿ ತಂದು ಹಚ್ಚಬೇಡಿ.

ಹಗಲಿಗೆ ಬೇಕಾದಷ್ಟು ಕೆಲಸ ಇದೆ. 1891ರಲ್ಲಿ ಶುರುವಾದ ಸ್ಕಾನ್ಸೆನ್ ಬಯಲು ಮ್ಯೂಸಿಯಂನ ಕ್ರಿಸ್‌ಮಸ್ ಸಂತೆ, ಕುಂಗ್ಸ್‌ಟ್ರೆಡ್‌ಗೋರ್ಡೆನ್‌ನ ಸ್ಕೇಟಿಂಗ್ ರಿಂಕ್, ಸ್ಲುಸ್ಸೆನ್‌ನಿಂದ ಬಸ್ಸಿನಲ್ಲಿ ಹೋಗುವ ಹೆಲ್ಲಾಸ್‌ಗೋರ್ಡೆನ್‌ನ ಸೌನಾ. ಸೌನಾದಿಂದ ಎದ್ದು ಐಸ್ ಕೊರೆದ ತೂತಿಗೆ ಇಳಿಯುವವರು ತಲೆಗೆ ಟೋಪಿ ಹಾಕಿಯೇ ಇರಲಿ, ತಲೆ ಮುಳುಗಿಸಬೇಡಿ, ಏಣಿ ಹಿಡಿದು ಉಸಿರು ನಿಧಾನ ಹೊರಗೆ ಬಿಡುತ್ತಾ ಇಳಿಯಿರಿ. ಮೊದಲ ನಿಮಿಷ ಎದೆ ಏದುಸಿರು ಬಿಡುತ್ತದೆ, ಆಗ ನೀರು ಒಳಗೆ ಹೋಗುವುದೇ ಅಪಾಯ. ಮೊದಲ ಸಲಕ್ಕೆ ಹತ್ತಿಪ್ಪತ್ತು ಸೆಕೆಂಡ್ ಸಾಕು, ಕುಡಿದಿದ್ದರೆ ಅದೂ ಬೇಡ. ಹೆಪ್ಪುಗಟ್ಟಿದ ಕೆರೆಯ ಮೇಲೆ ಒಬ್ಬರೇ ನಡೆಯಬೇಡಿ, ಗಟ್ಟಿ ಕಪ್ಪು ಐಸ್ 10 ಸೆಂಟಿಮೀಟರ್ ಇದ್ದರೆ ಮಾತ್ರ ನಂಬಬಹುದು, ಹಿಮ ಬೆರೆತ ಬಿಳಿ ಐಸಿಗೆ ಅಷ್ಟು ಬಲ ಇಲ್ಲ.

ಜನವರಿ 13ಕ್ಕೆ ಇಲ್ಲಿ ಕ್ರಿಸ್‌ಮಸ್ ಮರ ಹೊರಗೆ ಹಾಕುತ್ತಾರೆ, ಕಿಟಕಿಯ ನಕ್ಷತ್ರ ದೀಪಗಳೂ ಆ ಹೊತ್ತಿಗೆ ಒಂದೊಂದಾಗಿ ಆರುತ್ತವೆ. 12ರ ವಿಮಾನ ಹಿಡಿದರೆ ಸಂಕ್ರಾಂತಿಗೆ ಮನೆಯಲ್ಲಿರುತ್ತೀರಿ, ಎಳ್ಳು-ಬೆಲ್ಲ, ಅವರೆಕಾಳು ಎರಡಕ್ಕೂ ಅದೇ ಕಾಲ. ಫೆಬ್ರವರಿ ಮೊದಲ ವಾರದ ಕೊನೆಗೆ ವಾಪಸಾದರೆ ಹಗಲು ಎಂಟು ಗಂಟೆ ದಾಟಿರುತ್ತದೆ. ರಜೆಯ ಅರ್ಜಿಯನ್ನು ಮ್ಯಾನೇಜರಿಗೆ ಅಕ್ಟೋಬರ್‌ನಲ್ಲೇ ಕೊಡಿ. ಎಲ್ಲರೂ ಡಿಸೆಂಬರ್ ಕೇಳುತ್ತಿರುವಾಗ ಜನವರಿ ಕೇಳಿದವರಿಗೆ ಬೇಡ ಅನ್ನುವ ಮ್ಯಾನೇಜರ್ ಅಪರೂಪ.