ಇಲ್ಲಿ ಮದ್ದಿನ ಮೋಟಾರು, ಊರಲ್ಲಿ ನೀರಿನ ಬಾಟಲಿ

ನಾನಿರುವ ಅಮೆರಿಕದ ಕೊಲೊರಾಡೊದ ಹವ್ಯಾಸಿ ಸಾಮಾನಿನ ಅಂಗಡಿಗಳಲ್ಲಿ ಮಾಡೆಲ್ ರಾಕೆಟ್ಟಿನ ಮೋಟಾರು ಬಣ್ಣ, ಅಂಟು, ಮರಳುಕಾಗದಗಳ ಸಾಲಿನಲ್ಲೇ ತೂಗುತ್ತಿರುತ್ತದೆ. 18 ಮಿ.ಮೀ. ಅಡ್ಡಳತೆ, 70 ಮಿ.ಮೀ. ಉದ್ದದ ಗಟ್ಟಿ ಕಾಗದದ ಕೊಳವೆ. ಒಳಗೆ ಅದುಮಿದ ಕರಿಮದ್ದು, ಬುಡದಲ್ಲಿ ಉರಿ ಚಿಮ್ಮಲು ಜೇಡಿಮಣ್ಣಿನ ಕಿರುಬಾಯಿ (ನಾಜಲ್). ಮೇಲೆ ‘ಸಿ6-5’ ಎಂದಿದ್ದರೆ ಒಟ್ಟು ನೂಕು (ಬಲ ಗುಣಿಸು ಹೊತ್ತು) 5ರಿಂದ 10 ನ್ಯೂಟನ್-ಸೆಕೆಂಡಿನ ನಡುವೆ, ಸರಾಸರಿ ಬಲ 6 ನ್ಯೂಟನ್, ಉರಿದು ಮುಗಿದ 5 ಸೆಕೆಂಡಿಗೆ ಪ್ಯಾರಾಚೂಟನ್ನು ಹೊರದೂಡುವ ಮದ್ದು ಸಿಡಿಯುತ್ತದೆ ಎಂದು ಲೆಕ್ಕ. ಕುಮಟೆಯಲ್ಲೋ ಶಿರಸಿಯಲ್ಲೋ ಕೂತು ಇದರ ವಿಡಿಯೊ ನೋಡಿದ ಹುಡುಗರು ಕೇಳುವುದು ಎರಡೇ: ಈ ಮೋಟಾರು ನಮ್ಮಲ್ಲಿ ಎಲ್ಲಿ ಸಿಗುತ್ತದೆ, ಸಿಗದಿದ್ದರೆ ಮನೆಯಲ್ಲೇ ಮಾಡಲು ಬರುತ್ತದೆಯೇ? ಎರಡನ್ನೂ ಬಿಟ್ಟುಬಿಡಿ ಎನ್ನುತ್ತೇನೆ. ಘಟ್ಟದ ಮೇಲೂ ಕೆಳಗೂ ನೀರಿನ ರಾಕೆಟ್ಟೇ ಸರಿ. ಬಡವರ ಪಾಲಿನ ಬದಲಿ ಎಂದು ಹೇಳುತ್ತಿಲ್ಲ, ಕೈಯಾಡಿಸಲು ಅದರಲ್ಲೇ ಹೆಚ್ಚು ಜಾಗವಿದೆ.

ಅಮೆರಿಕದವರು ಈ ಸಿದ್ಧ ಮೋಟಾರಿಗೆ ಬಂದದ್ದು ಸುಮ್ಮನೆ ಅಲ್ಲ. 1950ರ ದಶಕದಲ್ಲಿ ಹುಡುಗರು ಮನೆಯ ಹಿತ್ತಲಲ್ಲಿ ಲೋಹದ ಪೈಪಿಗೆ ರಾಸಾಯನಿಕ ತುಂಬಿ ಕೈ ಕಳೆದುಕೊಳ್ಳುತ್ತಿದ್ದರು. ನೆಬ್ರಾಸ್ಕದ ನಾರ್ಫಕ್ ಊರಿನ ಚಪ್ಪಲಿ ಅಂಗಡಿಯ ಆರ್ವಿಲ್ ಕಾರ್ಲೈಲ್ ಕಾಗದದ ಮೈಯ, ಬದಲಿಸಬಹುದಾದ ಮೋಟಾರಿನ ರಾಕೆಟ್ ಮಾಡಿದರು. 1957ರಲ್ಲಿ ಅದು ರಾಕೆಟ್ ಎಂಜಿನಿಯರ್ ಹ್ಯಾರಿ ಸ್ಟೈನ್ ಕೈಗೆ ಹೋಯಿತು, ಅದೇ ವರ್ಷ ಮಾಡೆಲ್ ರಾಕೆಟ್ ಹವ್ಯಾಸಿಗಳ ರಾಷ್ಟ್ರೀಯ ಸಂಘ ಹುಟ್ಟಿತು. ಮರುವರ್ಷ ವರ್ನ್ ಎಸ್ಟೆಸ್ ಮೋಟಾರು ಒತ್ತುವ ಯಂತ್ರ ಕಟ್ಟಿದರು. ಅಂದರೆ ಈ ಹವ್ಯಾಸ ನಿಂತಿರುವುದೇ ‘ಮನೆಯಲ್ಲಿ ಯಾರೂ ಇಂಧನ ಕಲಸಬಾರದು’ ಎಂಬ ಕಟ್ಟಳೆಯ ಮೇಲೆ. ಅಮೆರಿಕದ ರಾಕೆಟ್ ನೋಡಿ ಊರಲ್ಲಿ ಮದ್ದು ಕಲಸಲು ಕೂರುವವರು ಅನುಕರಿಸುತ್ತಿರುವುದು ಅವರು ಎಪ್ಪತ್ತು ವರ್ಷದ ಹಿಂದೆ ಬಿಟ್ಟ ಚಾಳಿಯನ್ನು.

ಭಾರತದಲ್ಲಿ 1884ರ ಸ್ಫೋಟಕಗಳ ಕಾಯ್ದೆ, 2008ರ ನಿಯಮಗಳು ಇವೆ. ಪರವಾನಗಿ ಇಲ್ಲದೆ ಇಂಥದ್ದನ್ನು ತಯಾರಿಸುವುದು ಅಪರಾಧ, ಅಂಚೆಯಲ್ಲಿ ತರಿಸುವಂತೆಯೂ ಇಲ್ಲ. ಕಾನೂನು ಬದಿಗಿಟ್ಟರೂ ಕರಾವಳಿಯ ಹವೆ ಒಪ್ಪುವುದಿಲ್ಲ. ತೇವ ಎಳೆದ ಇಂಧನದ ಗಟ್ಟಿ ಒಣಗುವಾಗ ಬಿರುಕು ಬಿಡುತ್ತದೆ, ಬಿರುಕಿನಿಂದ ಉರಿಯುವ ಮೈ ಒಮ್ಮೆಗೇ ಹೆಚ್ಚುತ್ತದೆ, ಒತ್ತಡ ಏರಿ ಕೊಳವೆಯೇ ಸಿಡಿಯುತ್ತದೆ. ದೀಪಾವಳಿಯ ರಾಕೆಟ್ ಬಿಚ್ಚಿ ಮದ್ದು ತೆಗೆಯುವುದೂ ಅದೇ ಜಾತಿಯ ಕೆಲಸ. ಆ ಮಾತು ಇಲ್ಲಿಗೆ ಮುಗಿಯಿತು.

ಈಗ ಬಾಟಲಿಯ ಲೆಕ್ಕ ನೋಡಿ. 2 ಲೀಟರ್ ಸೋಡಾ ಬಾಟಲಿಗೆ 600 ಮಿ.ಲೀ. ನೀರು, 4 ಬಾರ್ (ಸುಮಾರು 60 ಪಿಎಸ್‌ಐ) ಗಾಳಿ. ಬಾಯಿಂದ ನೀರು ಹೊರಡುವ ವೇಗ ಮೊದಲಿಗೆ ಸೆಕೆಂಡಿಗೆ 28 ಮೀಟರ್. ಬಾಟಲಿಯ ಬಾಯಿಯ ಒಳ ಅಳತೆ ಸುಮಾರು 21.7 ಮಿ.ಮೀ. ಆದ್ದರಿಂದ ಆರಂಭದ ನೂಕುಬಲ 300 ನ್ಯೂಟನ್ ಹತ್ತಿರ. ಸಿ6ರ ಸರಾಸರಿಗೆ ಹೋಲಿಸಿದರೆ ಐವತ್ತು ಪಟ್ಟು, ಆದರೆ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಎಲ್ಲ ಮುಗಿಯುತ್ತದೆ. ಗಾಳಿ ಹಿಗ್ಗಿದಂತೆ ಒತ್ತಡ ಇಳಿಯುವುದನ್ನು ಸೇರಿಸಿದರೂ ಒಟ್ಟು ನೂಕು 14 ನ್ಯೂಟನ್-ಸೆಕೆಂಡ್ ಆಸುಪಾಸು ಬರುತ್ತದೆ. ಅಮೆರಿಕದ ಅಕ್ಷರಮಾಲೆಯಲ್ಲಿ ಅದು ‘ಡಿ’, ಸಿ6ಗಿಂತ ಒಂದು ಮೆಟ್ಟಿಲು ಮೇಲೆ. ಖಾಲಿ ತೂಕ 150 ಗ್ರಾಂ ಇದ್ದರೆ 50 ಮೀಟರ್ ಎತ್ತರ ಕಷ್ಟವಲ್ಲ. ಮೇಲಾಗಿ ನೀರು, ಒತ್ತಡ, ಬಾಯಿಯ ಅಳತೆ ಮೂರನ್ನೂ ನೀವೇ ಬದಲಿಸಿ ನೋಡಬಹುದು. ಕೊಲೊರಾಡೊದ ಹವ್ಯಾಸಿಗೆ ಮೋಟಾರು ಮುಟ್ಟುವ ಹಕ್ಕೇ ಇಲ್ಲ. ಅಕ್ಷರ ಆರಿಸಿಕೊಳ್ಳುವುದಷ್ಟೇ ಅವನ ಪಾಲು.

ಹಾರಿಸುವ ಸ್ಟ್ಯಾಂಡಿನಲ್ಲಿ ಹೆಚ್ಚಿನವರು ಸೋಲುವುದು ಪೈಪಿನ ಅಂಗಡಿಯಲ್ಲೇ. ಅರ್ಧ ಇಂಚಿನ ಪೈಪ್ ಕೊಡಿ ಎಂದರೆ ಬೂದು ಬಣ್ಣದ ತೋಟದ ಪೈಪು ಕೊಟ್ಟುಬಿಡುತ್ತಾರೆ. ಅದರ ಹೊರ ಅಳತೆ 20 ಮಿ.ಮೀ., ಬಾಟಲಿಯ ಬಾಯಲ್ಲಿ ಸಡಿಲ, ನೀರೆಲ್ಲ ಸೋರಿಹೋಗುತ್ತದೆ. ಬೇಕಾದ್ದು ಮನೆಯ ನಲ್ಲಿಗೆ ಹಾಕುವ ಬಿಳಿ ಯುಪಿವಿಸಿ, ಹೊರ ಅಳತೆ 21.3 ಮಿ.ಮೀ. ಬಾಟಲಿಯ ಕುತ್ತಿಗೆ ಕತ್ತರಿಸಿ ಜೇಬಿನಲ್ಲಿ ಒಯ್ದು ಅಂಗಡಿಯಲ್ಲೇ ಹಾಕಿ ನೋಡಿ, ಚರ್ಚೆ ಬೇಡ. ಬಾಟಲಿಯೊಳಗೆ ಹೋಗುವ ಭಾಗ 20 ಸೆಂ.ಮೀ. ಇರಲಿ, ಮೇಲ್ತುದಿ ನೀರಿನ ಮಟ್ಟಕ್ಕಿಂತ ಎತ್ತರ ಇದ್ದರೆ ಮಾತ್ರ ನೀರು ಪೈಪಿಗಿಳಿಯುವುದಿಲ್ಲ. ಬಾಯಿ ಕೂರುವ ಮಟ್ಟದಲ್ಲಿ ಒಂದು ಓ-ರಿಂಗ್ (ರಬ್ಬರ್ ಬಳೆ) ಸಾಕು.

ಕೆಳತುದಿಯ ಕ್ಯಾಪಿಗೆ 11.5 ಮಿ.ಮೀ. ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವನ್ನು ಒಳಗಿನಿಂದ ಹೊರಕ್ಕೆ ಎಳೆದು ಕೂರಿಸಬೇಕು. ಗಾಳಿ ಒತ್ತಿದಷ್ಟೂ ಅದು ಬಿಗಿಯಾಗುತ್ತದೆ. ವಾಲ್ವಿನೊಳಗಿನ ಪಿನ್ನು ತೆಗೆದುಹಾಕಿ. ಅದಿದ್ದರೆ ಹಾರದೆ ನಿಂತ ಬಾಟಲಿಯ ಗಾಳಿ ಬಿಡಲು ಹತ್ತಿರ ಹೋಗಬೇಕಾಗುತ್ತದೆ, ಎಲ್ಲಕ್ಕಿಂತ ಅಪಾಯದ ಗಳಿಗೆ ಅದು. ಬದಲಿಗೆ ಕಂಪ್ರೆಸರ್‌ಗೆ ಹಾಕುವ 8 ಮಿ.ಮೀ. ಪಿಯು ಪೈಪನ್ನು 10 ಮೀಟರ್ ಎಳೆದು, ಪಂಪಿನ ಬಳಿ ಒಂದು ‘ಟೀ’ ಮತ್ತು ಸಣ್ಣ ಬಾಲ್ ವಾಲ್ವ್ ಇಡಿ. ಏನೇ ಎಡವಟ್ಟಾದರೂ ಅಲ್ಲಿಂದಲೇ ಗಾಳಿ ಬಿಡಬಹುದು. ಇಡೀ ಉದ್ದಕ್ಕೆ ಪಿವಿಸಿ ಎಳೆಯುವುದು ಸಲ್ಲ. ಒತ್ತಿದ ಗಾಳಿಗೆ ಪಿವಿಸಿ ಮಾಡಿದ್ದಲ್ಲ, ಬಿಸಿಲು ತಿಂದು ಪೆಡಸಾದದ್ದು ಒಡೆದರೆ ಚೂರಾಗಿ ಸಿಡಿಯುತ್ತದೆ. ಸಾಲ್ವೆಂಟ್ ಅಂಟು ಹಾಕಿ ಒಂದು ದಿನ ಪೂರ್ತಿ ಬಿಡಬೇಕು, ಮಳೆಗಾಲದ ಶಿರಸಿಯಲ್ಲಿ ಎರಡು ದಿನ.

ಬಾಟಲಿಯನ್ನು ಹಿಡಿದಿಡುವುದು ಹತ್ತು-ಹನ್ನೆರಡು ಕೇಬಲ್ ಟೈ. ಅವನ್ನು ಪೈಪಿನ ಸುತ್ತ ಮೇಲ್ಮುಖವಾಗಿ ನಿಲ್ಲಿಸಿ ಹೋಸ್ ಕ್ಲಿಪ್ಪಿನಿಂದ ಬಿಗಿದರೆ, ತಲೆಗಳು ಬಾಟಲಿ ಕುತ್ತಿಗೆಯ ಬಳೆಯಂಥ ಅಂಚನ್ನು ಕಚ್ಚಿಕೊಳ್ಳುತ್ತವೆ. ಅವುಗಳ ಸುತ್ತ ಜಾರುವ ಅಗಲ ಪೈಪಿನ ತುಂಡು. ದಾರ ಎಳೆದರೆ ಅದು ಕೆಳಗಿಳಿದು ತಲೆಗಳು ಬಿಡುತ್ತವೆ. ಈ ತುಂಡಿನ ಅಳತೆಯನ್ನು ಟೈಗಳನ್ನೂ ಸೇರಿಸಿ ಅಳೆದೇ ತನ್ನಿ. ಬಿಗಿಯಾದರೆ ಒತ್ತಡದಲ್ಲಿ ಜಾರುವುದಿಲ್ಲ, ಸಡಿಲಾದರೆ ಎರಡು ಬಾರ್‌ಗೇ ಬಾಟಲಿ ತಪ್ಪಿಸಿಕೊಳ್ಳುತ್ತದೆ. ನೀರು ಹಾಕುವಾಗ ಬಾಟಲಿ ಬಾಯಿ ಮೇಲೆ ಇರಲಿ, ಸ್ಟ್ಯಾಂಡನ್ನೇ ತಲೆಕೆಳಗು ಮಾಡಿ ಪೈಪು ತೂರಿಸಿ, ಬಿಗಿದ ಮೇಲೆ ಎರಡನ್ನೂ ಒಟ್ಟಿಗೆ ತಿರುಗಿಸಿ.

ರೆಕ್ಕೆಯ ವಿಷಯಕ್ಕೆ ಬಂದರೆ ಎರಡು ದೇಶದ ಸಾಮಗ್ರಿಯೇ ಬೇರೆ. ಇಲ್ಲಿನ ಕಿಟ್‌ಗಳಲ್ಲಿ ಲೇಸರ್‌ನಿಂದ ಕತ್ತರಿಸಿದ ಬಾಲ್ಸಾ ಮರ ಬರುತ್ತದೆ. ಡೆನ್ವರ್‌ನ ಒಣಹವೆಯಲ್ಲಿ ಬಿಳಿ ಅಂಟು ಬೇಗ ಹಿಡಿಯುತ್ತದೆ, ಮರ ಸೊಟ್ಟಗಾಗುವುದಿಲ್ಲ. ಅದೇ ಕಿಟ್ ಹೊನ್ನಾವರಕ್ಕೆ ತಂದು ಜುಲೈಯಲ್ಲಿ ತೆರೆದರೆ ಬಾಲ್ಸಾ ಬಾಗುತ್ತದೆ, ಕಾಗದದ ಕೊಳವೆ ಉಬ್ಬಿ ಮೂತಿ ಸಿಕ್ಕಿಕೊಳ್ಳುತ್ತದೆ, ಪ್ಯಾರಾಚೂಟ್ ಒಳಗೇ ಉಳಿಯುತ್ತದೆ. ಊರಲ್ಲಿ ಬಾಲ್ಸಾ ಹುಡುಕಿಕೊಂಡು ಹೋಗುವುದು ದಂಡ. ಬ್ಯಾನರ್ ಅಂಗಡಿಯ ಸನ್‌ಪ್ಯಾಕ್ ಶೀಟು ಇದೆಯಲ್ಲ, ಚುನಾವಣೆ ಮುಗಿದ ವಾರ ಪುಕ್ಕಟೆಯೂ ಸಿಗುತ್ತದೆ, ನೀರು ಕುಡಿಯುವುದಿಲ್ಲ. ಅಡಿಕೆ ಹಾಳೆಯೂ ಆಗುತ್ತದೆ: ನೆನೆಸಿ, ಕಲ್ಲಿನಡಿ ಚಪ್ಪಟೆಯಾಗಿ ಒಣಗಿಸಿ, ನಾರು ರೆಕ್ಕೆಯ ಮುಂಚೂಣಿ ಅಂಚಿಗೆ ಸಮಾಂತರವಾಗಿ ಬರುವಂತೆ ಕತ್ತರಿಸಿ, ಎರಡೂ ಮೈಗೆ ವಾರ್ನಿಷ್ ಹೊಡೆಯಬೇಕು. ಮಾರ್ಚಿಯಲ್ಲಿ ಮಾಡಿದ್ದು ಚೆನ್ನಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಮಾಡಿದ್ದು ಮುರುಟಿ, ಬೂಸ್ಟು ಬಂದು, ರೊಟ್ಟಿ ಹಂಚಿಂದ ಬಿದ್ದ ಹಪ್ಪಳದಂತಾಗುತ್ತದೆ. ಮೂತಿಗೆ ನನ್ನ ಆಯ್ಕೆ ಬಾಸಿಂಗ ಮಾಡುವ ಬೆಂಡು. ಹಗುರ, ಚಾಕುವಿಗೆ ಬೆಣ್ಣೆ, ಬಿದ್ದರೆ ತಾನು ಜಜ್ಜಿಹೋಗುತ್ತದೆಯೇ ಹೊರತು ಯಾರ ತಲೆಯನ್ನೂ ಒಡೆಯುವುದಿಲ್ಲ. ಲೋಹದ ಮೂತಿ, ಲೋಹದ ರೆಕ್ಕೆ ಅಮೆರಿಕದ ಸಂಘದ ಸುರಕ್ಷಾ ಸಂಹಿತೆಯಲ್ಲಿ ನಿಷಿದ್ಧ. ಊರಲ್ಲೂ ಹಾಗೇ ಇರಲಿ.

2 ಲೀಟರ್ ಬಾಟಲಿಗೆ ಬುಡ 12 ಸೆಂ.ಮೀ., ಹೊರಚಾಚು 9 ಸೆಂ.ಮೀ. ಇರುವ ಮೂರು ಅಥವಾ ನಾಲ್ಕು ರೆಕ್ಕೆ ಸಾಕು. ಅವನ್ನು ನೇರ ಬಾಟಲಿಗೆ ಅಂಟಿಸಬೇಡಿ. ಹಾಟ್ ಗ್ಲೂ ಬಿಸಿಗೆ ಪೆಟ್ ಪ್ಲಾಸ್ಟಿಕ್ ಮೆತ್ತಗಾಗಿ ಸುಕ್ಕುಗಟ್ಟುತ್ತದೆ, ಒಡೆಯುವುದೂ ಅಲ್ಲೇ. ಇನ್ನೊಂದು ಬಾಟಲಿಯ ನಡುಭಾಗ ಕತ್ತರಿಸಿ ತೋಳಿನಂತೆ ಮಾಡಿ, ರೆಕ್ಕೆಗಳನ್ನು ಅದಕ್ಕೆ ಕೂರಿಸಿ, ಆ ತೋಳನ್ನು ಒತ್ತಡದ ಬಾಟಲಿಗೆ ಟೇಪಿನಿಂದ ತೊಡಿಸಿ. ಬಾಟಲಿ ಹಳತಾದಾಗ ತೋಳು ಮಾತ್ರ ಕಳಚಿಕೊಳ್ಳಬಹುದು.

ಮಾರ್ಪಾಡು ಮಾಡುವವರು ಎರಡೂ ಕಡೆ ಎಡವುವುದು ಒಂದೇ ಜಾಗದಲ್ಲಿ: ಹಿಂಭಾರ. ಇಲ್ಲಿನವರು 18 ಮಿ.ಮೀ. ಮೋಟಾರಿನ ಗೂಡು ಕಿತ್ತು 24 ಮಿ.ಮೀ. ಗೂಡು ಹಾಕುತ್ತಾರೆ. ಸಿ6 ಸುಮಾರು 24 ಗ್ರಾಂ, ದೊಡ್ಡ ಗೂಡಿಗೆ ಕೂರುವ ಡಿ12 ಸುಮಾರು 43 ಗ್ರಾಂ. ಬಾಲದಲ್ಲಿ ಹೆಚ್ಚಾದ ಆ 19 ಗ್ರಾಂ ಗುರುತ್ವ ಕೇಂದ್ರವನ್ನು ಹಿಂದಕ್ಕೆಳೆದು ರಾಕೆಟ್ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ. ಊರಲ್ಲಿ ಅದೇ ಕೆಲಸವನ್ನು ದಪ್ಪ ರೆಕ್ಕೆ, ಮೇಲೆರಡು ಕೋಟು ಪೇಂಟು ಮಾಡುತ್ತವೆ. ಗುರುತ್ವ ಕೇಂದ್ರ ಒತ್ತಡ ಕೇಂದ್ರಕ್ಕಿಂತ (ಗಾಳಿಯ ತಳ್ಳು ಒಟ್ಟಾಗಿ ಬೀಳುವ ಬಿಂದು) ಕನಿಷ್ಠ ಒಂದು ಮೈಯಳತೆಯಷ್ಟು, ಅಂದರೆ 11 ಸೆಂ.ಮೀ. ಮುಂದಿರಬೇಕು. ಖಾಲಿ ರಾಕೆಟ್ಟನ್ನು ಬೆರಳ ಮೇಲೆ ತೂಗಿ ಮೊದಲನೆಯದನ್ನು, ರಾಕೆಟ್ಟಿನ ನೆರಳಿನಾಕಾರ ರಟ್ಟಿನಲ್ಲಿ ಕತ್ತರಿಸಿ ತೂಗಿ ಎರಡನೆಯದನ್ನು ಗುರುತಿಸಿ. ರಟ್ಟಿನ ಲೆಕ್ಕ ಒತ್ತಡ ಕೇಂದ್ರವನ್ನು ನಿಜಕ್ಕಿಂತ ಮುಂದೆ ತೋರಿಸುತ್ತದೆ, ಹಾಗಾಗಿ ಸುರಕ್ಷಿತ. ಅಂತರ ಸಾಲದಿದ್ದರೆ ಮೂತಿಗೆ 30ರಿಂದ 50 ಗ್ರಾಂ ಜೇಡಿಮಣ್ಣು. ಕಂಪ್ಯೂಟರ್ ಇದ್ದವರಿಗೆ ಓಪನ್‌ರಾಕೆಟ್ ಎಂಬ ಉಚಿತ ತಂತ್ರಾಂಶವಿದೆ, ಫಿನ್ಲೆಂಡಿನ ವಿದ್ಯಾರ್ಥಿಯೊಬ್ಬರ 2009ರ ಪ್ರಬಂಧದಿಂದ ಹುಟ್ಟಿದ್ದು. ಸ್ಥಿರತೆಗೆ ಅದು ಚೆನ್ನ. ಎತ್ತರದ ಅಂಕಿ ನೋಡುವಾಗ ಮಾತ್ರ ಉಡಾವಣೆಯ ನೆಲವನ್ನು ಸಮುದ್ರಮಟ್ಟಕ್ಕೆ ಇಡಿ. 1,600 ಮೀಟರ್ ಎತ್ತರದ ಡೆನ್ವರ್‌ನಲ್ಲಿ ಗಾಳಿ ನೂರಕ್ಕೆ ಹದಿನೈದರಷ್ಟು ತೆಳು. ಇಲ್ಲಿಯವರು ಹಾಕುವ ಎತ್ತರದ ಅಂಕಿ ಅಂಕೋಲೆಯಲ್ಲಿ ಬರುವುದಿಲ್ಲ.

ಪ್ಯಾರಾಚೂಟಿಗೆ ಕಸದ ಚೀಲದ 45 ಸೆಂ.ಮೀ. ಅಷ್ಟಕೋನ, ಎಂಟು ದಾರ. 150 ಗ್ರಾಂ ರಾಕೆಟ್ ಅದರಲ್ಲಿ ಸೆಕೆಂಡಿಗೆ ನಾಲ್ಕೂವರೆ ಮೀಟರ್ ವೇಗದಲ್ಲಿ ಇಳಿಯುತ್ತದೆ. ಮಡಿಸುವ ಮೊದಲು ಟಾಲ್ಕಂ ಪೌಡರ್ ಉದುರಿಸದಿದ್ದರೆ ಕರಾವಳಿಯ ಸೆಕೆಗೆ ಪದರಗಳು ಅಂಟಿಕೊಂಡು ಮುದ್ದೆಯಾಗಿಯೇ ಬೀಳುತ್ತವೆ. ಮದ್ದಿನ ರಾಕೆಟ್ಟಿನಂತೆ ಹೊರದೂಡುವ ಸಿಡಿತ ಇಲ್ಲದ್ದರಿಂದ, ಮೂತಿ ಸಡಿಲವಾಗಿ ಕೂತು ತುತ್ತತುದಿಯಲ್ಲಿ ತಾನೇ ಬೇರ್ಪಡಬೇಕು; ತಲೆಕೆಳಗು ಹಿಡಿದರೆ ತನ್ನ ಭಾರಕ್ಕೇ ಜಾರುವಷ್ಟು ಸಡಿಲ. ನಂಬಿಕೆಗೆ ಅರ್ಹವಾದ್ದು ಬೇಕೆಂದರೆ ಕೀಲಿ ಕೊಡುವ ಆಟಿಕೆಯ ಹಲ್ಲುಚಕ್ರದ ಡಬ್ಬಿಯನ್ನು ಟೈಮರಾಗಿ ಬಳಸಬಹುದು: ಸುತ್ತು ಬಿಚ್ಚಿದಾಗ ರಬ್ಬರ್ ಬ್ಯಾಂಡ್ ಕಳಚಿ ಪ್ಯಾರಾಚೂಟಿನ ಗೂಡಿನ ಬಾಗಿಲು ತೆರೆಯುತ್ತದೆ.

50 ಮೀಟರಿನಿಂದ ಇಳಿಯಲು 11 ಸೆಕೆಂಡ್. ಮಧ್ಯಾಹ್ನದ ಕಡಲಗಾಳಿ ಸೆಕೆಂಡಿಗೆ 5 ಮೀಟರ್ ಇದ್ದರೂ ರಾಕೆಟ್ 55 ಮೀಟರ್ ಒಳನಾಡಿನ ಕಡೆಗೆ ಹೋಗಿ ತೆಂಗಿನ ತಲೆಯಲ್ಲಿ ಕೂರುತ್ತದೆ. ಬೆಳಗಿನ ನೆಲಗಾಳಿಗೆ ಹಾರಿಸಿದರೆ ಕಡಲಿಗೆ. ಎರಡರ ನಡುವೆ ಗಾಳಿ ತಿರುಗುವ ಹೊತ್ತಿನಲ್ಲಿ ಸ್ವಲ್ಪ ನಿಲ್ಲುತ್ತದೆ, ದೋಣಿಯವರನ್ನು ಕೇಳಿದರೆ ಆ ತಿಂಗಳ ಹೊತ್ತು ಹೇಳುತ್ತಾರೆ. ಬೀಚಿಗಿಂತ ಕೊಯ್ಲು ಮುಗಿದ ಗದ್ದೆ, ಒಣಗಿದ ಗಜನಿ (ಉಪ್ಪುನೀರಿನ ಗದ್ದೆ) ಬಯಲು ಒಳ್ಳೆಯದು. ಘಟ್ಟದ ಮೇಲಾದರೆ ಬೇಣ, ಅಂದರೆ ಹುಲ್ಲಿನ ಬಯಲು. ಕಡಲಾಮೆ ಮೊಟ್ಟೆಯಿಡುವ ತಿಂಗಳುಗಳಲ್ಲಿ ಹೊನ್ನಾವರದ ಕಾಸರಕೋಡಿನಂಥ ತೀರಕ್ಕೆ ದಾರ, ಪ್ಲಾಸ್ಟಿಕ್ಕು ಒಯ್ಯಲೇಬಾರದು. ಕಾರವಾರದ್ದು ಬೇರೆಯೇ ಲೆಕ್ಕ. ದಕ್ಷಿಣಕ್ಕೆ ಕದಂಬ ನೌಕಾನೆಲೆ, ಒಳನಾಡಿಗೆ ಕೈಗಾ ಅಣುಸ್ಥಾವರ. ನೀರಿನ ರಾಕೆಟ್ ತೆಂಗಿನ ಮರದ ಮೂರು ಪಟ್ಟು ಎತ್ತರಕ್ಕಿಂತ ಹೋಗದಿದ್ದರೂ ಠಾಣೆಗೆ ಬರಹದಲ್ಲಿ ತಿಳಿಸದೆ ಏನನ್ನೂ ಹಾರಿಸಬೇಡಿ. ಕೊಲೊರಾಡೊದಲ್ಲಿ 1,500 ಗ್ರಾಂ ಒಳಗಿನ ರಾಕೆಟ್ಟಿಗೆ ವಿಮಾನಯಾನ ಇಲಾಖೆಯ ಅನುಮತಿ ಬೇಡ, ನಿಜ. ಆದರೆ ಬೇಸಿಗೆಯಲ್ಲಿ ಬೆಂಕಿ ನಿಷೇಧ ಬಂದರೆ ಮದ್ದಿನ ರಾಕೆಟ್ ತಿಂಗಳುಗಟ್ಟಲೆ ಅಟ್ಟದಲ್ಲೇ ಕೂರುತ್ತದೆ. ನೀರಿನದಕ್ಕೆ ಆ ತಾಪತ್ರಯ ಇಲ್ಲ.

ಅಮೆರಿಕದಿಂದ ತರಬೇಕಾದ್ದು ಕಿಟ್ ಅಲ್ಲ, ಅವರ ಶಿಸ್ತು. ಗಾಳಿ ಗಂಟೆಗೆ 32 ಕಿ.ಮೀ. ದಾಟಿದರೆ ಹಾರಿಸುವುದಿಲ್ಲ, ನೆಟ್ಟಗಿನಿಂದ 30 ಡಿಗ್ರಿಗಿಂತ ಹೆಚ್ಚು ಓರೆ ಮಾಡುವುದಿಲ್ಲ, ಎಲ್ಲರಿಗೂ ಕೇಳುವಂತೆ ಐದರಿಂದ ಕೆಳಗೆ ಎಣಿಸುತ್ತಾರೆ, ಪ್ರತಿ ಹಾರಾಟದ ತೂಕ ಬರೆದಿಡುತ್ತಾರೆ. ಊರಿನ ಪುಸ್ತಕದಲ್ಲಿ ಇನ್ನೆರಡು ಕಾಲಂ ಇರಲಿ: ನೀರು ಎಷ್ಟು, ಒತ್ತಡ ಎಷ್ಟು. ಎತ್ತರಕ್ಕೆ ಕೋನಮಾಪಕ, ದಾರ, ತೂಗುಕಲ್ಲು ಸಾಕು; 50 ಮೀಟರ್ ದೂರ ನಿಂತವರಿಗೆ 45 ಡಿಗ್ರಿ ಕಂಡರೆ 50 ಮೀಟರ್, ಜೊತೆಗೆ ಕಣ್ಣಿನ ಎತ್ತರ. ನೀರನ್ನು 400, 600, 800 ಮಿ.ಲೀ. ಎಂದು ಬದಲಿಸಿ ಒಂದೇ ಬೆಳಿಗ್ಗೆ ಹಾರಿಸಿ ನೋಡಿ. ಉಪ್ಪುನೀರು ತುಂಬಿದರೆ ಲಾಭವಿಲ್ಲ, ವಾಲ್ವ್ ತುಕ್ಕು ಹಿಡಿಯುತ್ತದೆ.

ಹೊಸ ಬಾಟಲಿಯನ್ನು ಹಾರಿಸುವ ಮೊದಲು ಕಂಠದವರೆಗೆ ನೀರು ತುಂಬಿ 6 ಬಾರ್‌ಗೆ ಪಂಪ್ ಮಾಡಿ ಐದು ನಿಮಿಷ ಬಿಡಿ. ನೀರು ಕುಗ್ಗುವುದಿಲ್ಲವಾದ್ದರಿಂದ ಒಡೆದರೂ ಬುಸ್ಸೆಂದು ಚೆಲ್ಲುತ್ತದೆ, ಸಿಡಿಯುವುದಿಲ್ಲ. ಬುಡದ ಐದು ಕಾಲುಗಳ ನಡುವೆ ಬಿಳಿ ಮಂಜಿನಂಥ ಗೆರೆ ಕಾಣಿಸಿಕೊಂಡ ಬಾಟಲಿ, ಒಮ್ಮೆ ನೆಲಕ್ಕೆ ಬಡಿದು ಮಡಿಕೆ ಬಿದ್ದ ಬಾಟಲಿ, ಬಿಸಿಲಲ್ಲಿ ಕಾರಿನೊಳಗೆ ಉಳಿದ ಬಾಟಲಿ ಇವು ಮತ್ತೆ ಗಾಳಿಗೆ ಯೋಗ್ಯವಲ್ಲ. ತೋಳು ಕಳಚಿಕೊಂಡು, ಬಾಟಲಿಗೆ ತೂತು ಮಾಡಿಯೇ ಎಸೆಯಿರಿ. ಇಲ್ಲದಿದ್ದರೆ ಮನೆಯ ಬೇರೆ ಯಾರಾದರೂ ಅದನ್ನೇ ತೊಳೆದು ಮತ್ತೆ ಸ್ಟ್ಯಾಂಡಿಗೆ ಏರಿಸುತ್ತಾರೆ.