18 ತುಂಬಿತು ಅಂತ ಚೀಟಿ ಬರೆದು ಕೈತೊಳೆದುಕೊಳ್ಳಬೇಡಿ

ಇವತ್ತು ಒಂದು ಆಸ್ಪತ್ರೆಯ ಚೀಟಿ ನೋಡಿದೆ. "18 ತುಂಬಿದೆ. ಮುಂದಕ್ಕೆ ಅಡಲ್ಟ್ ಓಪಿಡಿಯಲ್ಲಿ ತೋರಿಸಿ." ಅಷ್ಟೇ. ಮಕ್ಕಳ ವಿಭಾಗದಲ್ಲಿ ವರ್ಷಗಟ್ಟಲೆ ನಡೆದ ಮನೋರೋಗದ ಚಿಕಿತ್ಸೆಗೆ ಒಂದೂವರೆ ಸಾಲು! ಯಾವ ಮಾತ್ರೆ ಕೊಟ್ಟು ಯಾಕೆ ನಿಲ್ಲಿಸಿದರು, ಯಾವುದರಿಂದ ಮೈ ಬಿಗಿದುಕೊಂಡಿತ್ತು, ಕಾಯಿಲೆ ಮರುಕಳಿಸುವ ಮುಂಚೆ ಏನೇನು ಕಾಣಿಸುತ್ತದೆ, ಒಂದೂ ಇಲ್ಲ. ಹೊಟ್ಟೆ ಉರಿಯಿತು.

ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಕಾಯಿಲೆಗಳು ಹೆಚ್ಚಾಗಿ ಶುರುವಾಗುವುದೇ ಹದಿಹರೆಯದ ಕೊನೆಗೆ, ಇಪ್ಪತ್ತರ ಆಸುಪಾಸಿನಲ್ಲಿ. ಸರಿಯಾಗಿ ಅಲ್ಲೇ ನಾವು ಕೈಬಿಡುತ್ತೇವೆ. ಸೆಕೆಂಡ್ ಪಿಯುಸಿ ಮುಗಿದಿರುತ್ತದೆ, ಸಿಇಟಿ ಸೀಟು ಬೇರೆ ಊರಲ್ಲಿ, ವಾಸ ಹಾಸ್ಟೆಲಲ್ಲಿ. ಡಾಕ್ಟರು, ಊರು, ನಿದ್ದೆಯ ಹೊತ್ತು, ಮಾತ್ರೆ ಕೊಡುತ್ತಿದ್ದ ಕೈ, ಎಲ್ಲವೂ ಒಟ್ಟಿಗೇ ಬದಲಾಗುತ್ತವೆ.

"ದೊಡ್ಡವರಾದರಲ್ಲ, ಅವರೇ ನೋಡ್ಕೊಳ್ಳಲಿ" ಅನ್ನುವವರಿದ್ದಾರೆ. ನೋಡ್ಕೊಳ್ಳಲಿ, ನನಗೂ ಅದೇ ಬೇಕು. ಆದರೆ ಕಲಿಸಿದವರು ಯಾರು? ಏನು ಮಾತ್ರೆ ತಗೋತೀಯಪ್ಪ ಅಂತ ಕೇಳಿ ನೋಡಿ. "ರಾತ್ರಿ ಒಂದು ಬಿಳೀದು, ಇನ್ನೊಂದು ಅರ್ಧ, ಅಮ್ಮಂಗೆ ಗೊತ್ತು." ಮೆಡಿಕಲ್ ಶಾಪಿನವರು ಕಂಪನಿ ಬದಲಿಸಿ ಕೊಟ್ಟ ದಿನ ಬಿಳೀದು ಹಳದಿಯಾಗುತ್ತದೆ. ಬೇರೆ ಮಾತ್ರೆ ಅಂತ ಹುಡುಗ ನುಂಗುವುದೇ ಇಲ್ಲ, ಇಲ್ಲವೇ ಹಳೆಯದರ ಜೊತೆ ಎರಡನ್ನೂ ನುಂಗುತ್ತಾನೆ.

ಈ ಕಲಿಸುವ ಕೆಲಸವನ್ನು 16-17ಕ್ಕೇ ಶುರುಮಾಡಬೇಕು. ಭಾನುವಾರ ಏಳು ಖಾನೆಯ ಡಬ್ಬಿಗೆ ಮಾತ್ರೆ ತುಂಬುವುದು ಮಗುವಿನ ಕೆಲಸ, ಅಮ್ಮ ಬರೀ ನೋಡಬೇಕು. ಬ್ರ್ಯಾಂಡ್ ಅಲ್ಲ, ಔಷಧದ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಇಷ್ಟೂ ಫೋನಿನಲ್ಲಿರಲಿ. ಪ್ರತಿ ಭೇಟಿಯಲ್ಲೂ ಸ್ವಲ್ಪ ಹೊತ್ತು ಡಾಕ್ಟರ ಹತ್ತಿರ ಒಬ್ಬರೇ ಕೂತು ಮಾತಾಡಲಿ.

ಕೆಲವು ಔಷಧಗಳ ವಿಷಯದಲ್ಲಂತೂ ಉಡಾಫೆ ಸಲ್ಲದು. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೆಯ ಡೋಸನ್ನೇ ನುಂಗುವಂತಿಲ್ಲ. ಬಿಪಿ ಕುಸಿದು ಬೀಳಬಹುದು. ಡಾಕ್ಟರಿಗೆ ಹೇಳಿ 12.5 ಮಿಲಿಗ್ರಾಂನಿಂದ ಮತ್ತೆ ಏರಿಸಿಕೊಂಡು ಬರಬೇಕು. ಹಬ್ಬಕ್ಕೆ ಊರಿಗೆ ಹೋಗುವಾಗ ಡಬ್ಬಿ ಹಾಸ್ಟೆಲ್ಲಿನಲ್ಲೇ ಉಳಿದರೆ ಆಗುವುದು ಇದೇ. ಬೈಪೋಲಾರ್‌ಗೆ ಕೊಡುವ ಲಿಥಿಯಂ ಇದ್ದರೆ, ಅದರ ಮಟ್ಟದ ಪರೀಕ್ಷೆಗೆ ರಕ್ತ ಕೊಡುವುದು ಕೊನೆಯ ಡೋಸ್ ಆಗಿ 12 ಗಂಟೆಗೆ. ಬೆಳಗಿನ ಡೋಸ್ ಇದ್ದರೆ ರಕ್ತ ಕೊಟ್ಟ ಮೇಲೆ ನುಂಗಬೇಕು. ವಾಂತಿ ಭೇದಿಯಾದಾಗ, ನೋವಿಗೆ ಅಂತ ರೂಮ್‌ಮೇಟ್ ಕೊಟ್ಟ ಐಬುಪ್ರೊಫೆನ್ ನುಂಗಿದಾಗ ಲಿಥಿಯಂ ಮಟ್ಟ ಏರುತ್ತದೆ. ಕೈ ಜೋರಾಗಿ ನಡುಗಿ ನಡಿಗೆ ತೂರಾಡಿದರೆ ಅವತ್ತೇ ಆಸ್ಪತ್ರೆ. ಇನ್ನು 13ನೇ ವಯಸ್ಸಿಗೆ ವಾಲ್‌ಪ್ರೊಯೇಟ್ (ಇದೂ ಬೈಪೋಲಾರ್‌ಗೆ ಕೊಡುವ ಮಾತ್ರೆ) ಶುರುವಾದ ಹುಡುಗಿಗೆ, ಮುಂದೆ ಗರ್ಭಿಣಿಯಾದರೆ ಮಗುವಿಗೆ ಅದರಿಂದ ತೊಂದರೆಯಾಗಬಹುದು ಅಂತ ಹೇಳುವವರು ಯಾರು? ಮಕ್ಕಳ ವಿಭಾಗದವರು ಇನ್ನೂ ಚಿಕ್ಕವಳು ಅಂದುಕೊಂಡಿರುತ್ತಾರೆ, ದೊಡ್ಡವರ ವಿಭಾಗದವರು ಆಗಲೇ ಹೇಳಿರುತ್ತಾರೆ ಅಂದುಕೊಳ್ಳುತ್ತಾರೆ. ಆ ಒಂದೂವರೆ ಸಾಲಿನ ಚೀಟಿಗೆ ನನಗೆ ಇಷ್ಟು ಸಿಟ್ಟು ಬರುವುದು ಇದಕ್ಕೇ.

ಕಾನೂನಿನ ಕಡೆಗೂ ಒಂದು ಕೆಲಸ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ 18ರವರೆಗೆ ಪೋಷಕರೇ ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಚಿಕಿತ್ಸೆಯ ತೀರ್ಮಾನಗಳಲ್ಲಿ ರೋಗಿಯ ಜೊತೆ ನಿಲ್ಲುವವರು. ಆಮೇಲೆ ಆಯ್ಕೆ ಆ ಹುಡುಗ ಹುಡುಗಿಯರದ್ದು. ಯಾರು ಅಂತ ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಆಯಿತು, ಜೊತೆಗೆ ಹಾಗೆ ಆರಿಸಿದ ವ್ಯಕ್ತಿಯ ಲಿಖಿತ ಒಪ್ಪಿಗೆಯೂ ಬೇಕು. ಬರೆಯದಿದ್ದರೆ ಸಂಬಂಧಿಕರಲ್ಲಿ ಯಾರು ಅನ್ನುವ ಜಗಳ ಅಡ್ಮಿಷನ್ ಕೌಂಟರಿನ ಮುಂದೆ ನಡೆಯುತ್ತದೆ. ಆರಾಮಾಗಿರುವ ದಿನವೇ ಬರೆಸಿಡಿ. ಚಿಕಿತ್ಸೆಯ ದಾಖಲೆಗಳನ್ನು ಕೇಳಿ ಪಡೆಯುವ ಹಕ್ಕೂ ಅದೇ ಕಾಯ್ದೆಯಲ್ಲಿದೆ, ಸಂಕೋಚ ಬೇಡ.

ರಶ್ಶು, ಟೈಮಿಲ್ಲ ಅನ್ನುವ ಡಾಕ್ಟರುಗಳ ಕಷ್ಟ ಗೊತ್ತು. ಆದರೆ ಇಲ್ಲಿಯವರೆಗಿನ ಚಿಕಿತ್ಸೆಯ ಸಾರವನ್ನು ಒಂದು ಪುಟ ಬರೆಯಲು ಹತ್ತು ನಿಮಿಷ ಸಾಕು. ಆ ಒಂದು ಪುಟ ಇಲ್ಲದೆ ಹೊಸಬರು ಮೊದಲಿಂದ ಪ್ರಯೋಗ ಮಾಡಿದರೆ ಹೋಗುವುದು ಆ ಮಗುವಿನ ಒಂದು ಸೆಮಿಸ್ಟರ್. ಹೊಸ ಓಪಿಡಿಯಲ್ಲಿ ಎರಡನೇ ಭೇಟಿ ಮುಗಿಯುವ ತನಕ ಹಳೆಯ ಫೈಲ್ ಮುಚ್ಚಬೇಡಿ. ಬರದಿದ್ದರೆ ಫೋನ್ ಮಾಡುವವರು ಯಾರು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಊರಿಗೆ ವಾಪಸಾದವರು ತಾಲ್ಲೂಕು ಆಸ್ಪತ್ರೆಗೆ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ಮನೋವೈದ್ಯರು ಯಾವ ಮಂಗಳವಾರ ಬರುತ್ತಾರೆ ಅಂತ ವಿಚಾರಿಸಿ. ನಡುರಾತ್ರಿ ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.